ಏಳು ಹರಳಿನ ಸಾಲು

ಎಣಿಸಿದಷ್ಟು ಸಲವೂ ಏಳೇ ಆಗುತ್ತಿತ್ತು. ಮೇಲಿನಿಂದ ಕೆಳಕ್ಕೆ ಎಣಿಸಿದಳು, ಕೆಳಗಿನಿಂದ ಮೇಲಕ್ಕೆ ಎಣಿಸಿದಳು, ಕನ್ನಡಕ ಒರೆಸಿಕೊಂಡು ಬಂದು ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಎಣಿಸಿದಳು. ಏಳು. ಉಳಿದ ಐದು ಸಾಲುಗಳಲ್ಲಿ ಹತ್ತು ಹತ್ತು. ಏಳು ಇರಬೇಕಾದದ್ದೇ; ಅದರಲ್ಲಿ ತಂಟೆಯಿರಲಿಲ್ಲ. ತಂಟೆಯಿದ್ದದ್ದು ಆ ಗಿಡ್ಡ ಸಾಲು ಬಲಗಡೆಯ ಕೊನೆಯಲ್ಲಿ ಇದ್ದದ್ದರಲ್ಲಿ. ಪಕ್ಕದಲ್ಲಿ ತೆರೆದಿಟ್ಟ ದಾಖಲೆ ಪುಸ್ತಕದಲ್ಲಿ, ಇಪ್ಪತ್ತೆರಡು ವರ್ಷದ ಹಿಂದೆ ಅವಳೇ ಪೆನ್ಸಿಲಿನಲ್ಲಿ ಬರೆದ ನಕ್ಷೆಯಲ್ಲಿ, ಅದು ಎಡಗಡೆಯ ಕೊನೆಯಲ್ಲಿತ್ತು. ಬಿಲ್ಲೆಯನ್ನು ತಲೆಕೆಳಗಾಗಿ ಇಟ್ಟಿದ್ದೇನೋ ಎಂದು ನೋಡಿದಳು. ಇಲ್ಲ, ಅಂಚಿನಲ್ಲಿ ಕೊರೆದ ನಲವತ್ತೊಂದು ಎಂಬ ಅಂಕಿ ಮೇಲೆ, ನೆಟ್ಟಗೆ, ನಿನ್ನೆ ಕೊರೆದ ಹಾಗೆ ಕೂತಿತ್ತು. ಬಿಲ್ಲೆ ಎಂದರೆ ರಾಳದ ಒಂದು ಗಟ್ಟಿ ತುಂಡು, ಕೋಟಿನ ದೊಡ್ಡ ಗುಂಡಿಯಷ್ಟು ಅಗಲ. ಅದರ ಮುಖದಲ್ಲಿ ಬರಿಗಣ್ಣಿಗೆ ಧೂಳಿನ ಗೆರೆಗಳಂತೆ ಕಾಣುವ ಜಿರ್ಕಾನ್ ಹರಳುಗಳು. ಬೆಳಿಗ್ಗೆ ಬಂದು ಎಂದಿನಂತೆ ಕೈಮುಗಿದು, ಸ್ವಾಮೀ, ನೀನು ನೋಡುತ್ತಿರು, ನಾನು ಎತ್ತುತ್ತೇನೆ ಎಂದು ಹೇಳಿಕೊಂಡೇ ಅವಳು ಕೂತಿದ್ದಳು. ಇಪ್ಪತ್ತೆರಡು ವರ್ಷ ದಿನವೂ ಇದೇ ಮಾತು. ನಲವತ್ತೊಂದನೆಯ ಬಿಲ್ಲೆಯ ದಿನವೂ ಇದೇ ಮಾತು ಹೇಳಿರಬೇಕು.

"ಸೂಜಿಯಕ್ಕಾ, ಆಯ್ತಾ?" ಬಾಗಿಲಲ್ಲಿ ಸಂಶೋಧನೆಯ ಹುಡುಗಿ ನಿಂತಿದ್ದಳು. ಹರಳಿನ ವಯಸ್ಸು ಅಳೆಯುವ ಹೊಸ ಯಂತ್ರವನ್ನು ಪರೀಕ್ಷಿಸುವುದಕ್ಕೆ ಅವಳಿಗೆ ಹಳೆಯ ಬಿಲ್ಲೆಯೊಂದು ಬೇಕಿತ್ತು, ಯಾವುದಾದರೂ ಸರಿ ಎಂದು ಪೆಟ್ಟಿಗೆಯಿಂದ ಕೈಗೆ ಬಂದದ್ದನ್ನು ತೆಗೆದಿದ್ದಳು. "ಧೂಳು ಒರೆಸಿ ಕೊಡಿ ಅಂದ್ರೆ ನೀವು ಅದರ ಜೊತೆ ಮಾತಾಡ್ತಾ ಕೂತಿದೀರಲ್ಲ."

"ಕೊಡ್ತೀನಿ ತಡಿಯೇ. ಓಡಿಹೋಗುತ್ತಾ ಅದು?"

"ಅದು ಓಡಲ್ಲ, ಯಂತ್ರದ ಸರದಿ ಓಡುತ್ತೆ. ಹನ್ನೆರಡಕ್ಕೆ ನನ್ನ ಸರದಿ. ತಪ್ಪಿದ್ರೆ ಮುಂದಿನ ವಾರ."

ಹುಡುಗಿ ಹೋದಳು. ಅವಳು ಒರೆಸುವ ಬಟ್ಟೆ ಹಿಡಿದು ಹಾಗೇ ಕೂತಳು. ಆ ನಕ್ಷೆ ಬರೆದಾಗ ಈ ಮೇಜು ಕಿಟಕಿಯ ಕಡೆಗಿತ್ತು. ಮೂವತ್ತೈದರ ಹೊಸ ಕೆಲಸಗಾರ್ತಿ, ಕೆಲಸಕ್ಕೆ ಬಂದು ನಾಲ್ಕು ತಿಂಗಳು. ಅಣ್ಣ ಒಳಗೆ ಹೋಗಿ, ನನ್ನ ತಂಗಿಯ ಕೈ ಸೂಕ್ಷ್ಮ ಸರ್, ಒಂದು ಸಲ ನೋಡಿ, ಎಂದು ಪ್ರಯೋಗಾಲಯದ ದೊಡ್ಡವರಿಗೆ ಹೇಳಿ ಕೊಡಿಸಿದ ಕೆಲಸ. ದೊಡ್ಡವರು ಆಗ ಅಷ್ಟೇನೂ ದೊಡ್ಡವರಾಗಿರಲಿಲ್ಲ. ಅಣ್ಣ ಬೆಟ್ಟ ಹತ್ತಿ ಬಂಡೆಯ ಮಾದರಿ ತರುವವನು. ಆ ಸಲ ಎರಡು ಚೀಲ ತಂದಿದ್ದ: ಒಂದರಲ್ಲಿ ಬೂದು ಬಂಡೆ, ಇನ್ನೊಂದರಲ್ಲಿ ಆ ಬೂದು ಬಂಡೆಯನ್ನು ಸೀಳಿಕೊಂಡು ಹೋಗಿದ್ದ ಗುಲಾಬಿ ಪಟ್ಟೆಯ ಕಲ್ಲು. ಇಪ್ಪತ್ತು ಇಪ್ಪತ್ತು ಕಿಲೋ. ಒಡೆದು, ಪುಡಿಮಾಡಿ, ಜರಡಿ ಹಿಡಿದು, ತೊಳೆದು, ಅಯಸ್ಕಾಂತ ತೋರಿಸಿ, ಕೊನೆಗೆ ಗಾಜಿನ ತಟ್ಟೆಯಲ್ಲಿ ಉಳಿಯುವುದು ಒಂದು ಚಿಟಿಕೆ. ಅದರಿಂದ ಜಿರ್ಕಾನನ್ನು ಒಂದೊಂದಾಗಿ ಸೂಜಿಯಲ್ಲಿ ಎತ್ತಿ, ಅಂಟು ಟೇಪಿನ ಮೇಲೆ ಸಾಲಾಗಿ ಇಡುವುದು ಅವಳ ಕೆಲಸ. ಗುಲಾಬಿ ಕಲ್ಲು ಜಿಪುಣ. ಅಷ್ಟು ದೊಡ್ಡ ಚೀಲದಿಂದ ಸಿಕ್ಕಿದ್ದು ಇಪ್ಪತ್ತೆಂಟು ಹರಳು. ಇಪ್ಪತ್ತೆಂಟನೆಯದು ಸೂಜಿಯ ತುದಿಯಿಂದ ಚಿಮ್ಮಿ ಎಲ್ಲಿಗೋ ಹಾರಿತು. ಅವಳು ನೆಲದ ಮೇಲೆ ಮೊಣಕಾಲೂರಿ, ಕೂದಲಿನ ದಪ್ಪಕ್ಕಿಂತ ಸ್ವಲ್ಪವೇ ದೊಡ್ಡದಾದ ಆ ಹರಳನ್ನು ಹುಡುಕಿದಳು, ಅತ್ತಳು. ಸಂಜೆ ಅಣ್ಣನಿಗೆ ಹೇಳಿದಳು. ಅಣ್ಣ ನಕ್ಕ. ಬೆಟ್ಟ ಇನ್ನೂ ಅಲ್ಲೇ ಇದೆ ಕಣೇ, ಒಂದು ಹರಳಿಗೆ ಇಷ್ಟು ಕಣ್ಣೀರಾ. ಹಾಗಾಗಿ ಏಳು, ಹತ್ತು, ಹತ್ತು. ಎಡಗಡೆ ಗುಲಾಬಿ ಕಲ್ಲಿನ ಮೂರು ಸಾಲು, ಬಲಗಡೆ ಬೂದು ಬಂಡೆಯ ಮೂರು ಸಾಲು. ಒಂದೇ ಬಿಲ್ಲೆಯಲ್ಲಿ ಎರಡು ಕಲ್ಲು ಇಟ್ಟದ್ದು ಅದೇ ಮೊದಲು, ಆ ವರ್ಷಕ್ಕೆ ಅದೊಂದೇ. ನಕ್ಷೆ ಹೇಗೆ ಬರೆಯಬೇಕೆಂದು ಯಾರೂ ಹೇಳಿರಲಿಲ್ಲ. ಕೇಳಿದ್ದು ಅಣ್ಣನನ್ನೇ. ಅಣ್ಣ ತನ್ನ ಬೆಟ್ಟದ ನಿಯಮ ಹೇಳಿದ್ದ: ಕಂಡದ್ದನ್ನ ಕಂಡ ಹಾಗೆ ಬರಿ, ತಲೆ ಓಡಿಸಬೇಡ. ಅವಳು ಕಂಡ ಹಾಗೆ ಬರೆದಳು. ಆಮೇಲೆ ಟೇಪಿನ ಮೇಲೆ ರಾಳ ಸುರಿದರು, ಗಟ್ಟಿಯಾದ ಮೇಲೆ ಎತ್ತಿದರು, ಟೇಪು ಕಿತ್ತರು. ಟೇಪಿಗೆ ಅಂಟಿದ್ದ ಅಡಿಭಾಗವೇ ಈಗ ಬಿಲ್ಲೆಯ ಮುಖ. ಅವಳು ಮೇಲಿನಿಂದ ಕಂಡದ್ದನ್ನು ಯಂತ್ರ ಕೆಳಗಿನಿಂದ ಕಾಣುತ್ತದೆ. ಎಡ ಬಲವಾಗಿತ್ತು, ಬಲ ಎಡವಾಗಿತ್ತು.

ಇಷ್ಟೇ. ಅವಳಿಗೆ ನಗು ಬರುವಂತಾಯಿತು. ಮುಂದಿನ ವರ್ಷವೇ ಯಂತ್ರದವರು, ನಕ್ಷೆಯನ್ನು ತಿರುಗಿಸಿ ಬರೆಯಬೇಕು, ಮೂಲೆಯಲ್ಲೊಂದು ಕಚ್ಚು ಹಾಕಬೇಕು ಎಂದು ಕಲಿಸಿದ್ದರು. ಅಂದಿನಿಂದ ಸಾವಿರ ಬಿಲ್ಲೆಗಳನ್ನು ಅವಳು ಕಣ್ಣುಮುಚ್ಚಿಕೊಂಡು ತಿರುಗಿಸಿ ಬರೆದಿದ್ದಳು. ಕಲಿತ ದಿನ, ಹಿಂದಿನದ್ದು ಏನಾಗಿರಬಹುದು ಎಂದು ಯಾಕೆ ಹೊಳೆಯಲಿಲ್ಲ? ಹೊಳೆದಿತ್ತೇ? ಹೊಳೆದು, ಆ ಬಿಲ್ಲೆ ಈಗ ಪೆಟ್ಟಿಗೆಯ ತಳದಲ್ಲಿದೆ, ಯಾರು ತೆಗೆಯುತ್ತಾರೆ ಎಂದು ಸುಮ್ಮನಾಗಿದ್ದಳೇ? ನೆನಪಿಲ್ಲ. ನೆನಪಿಲ್ಲ ಎನ್ನುವುದು ಎಷ್ಟು ಅನುಕೂಲ. ಬಿಲ್ಲೆಯ ಎಡಗಡೆಯ ಸಾಲುಗಳಲ್ಲಿ ಐದು ಹರಳಿಗೆ ಸಣ್ಣ ಗುಳಿ, ಅದರಾಚೆಯ ಸಾಲುಗಳಲ್ಲಿ ಐದು ಹರಳಿಗೆ ಗುಳಿ. ವಯಸ್ಸು ಅಳೆಯಲು ಯಂತ್ರ ಕಿರಣ ಹೊಡೆದ ಜಾಗಗಳು. ಐದೈದು ಸಾಕು ಎಂದು ಮಧ್ಯದಲ್ಲೇ ಹೊಡೆದಿದ್ದರು. ಬಲತುದಿಯ ಗಿಡ್ಡ ಸಾಲಿನ ತನಕ ಹೋಗಿದ್ದರೆ ಅಂದೇ ಯಾರಾದರೂ, ಇದೇನು ಇಲ್ಲಿ ಏಳೇ ಇದೆಯಲ್ಲ, ಎನ್ನುತ್ತಿದ್ದರು. ಯಾರೂ ಹೋಗಲಿಲ್ಲ.

ಹರಳು ಸುಳ್ಳು ಹೇಳುವುದಿಲ್ಲ ಎಂದು ದೊಡ್ಡವರು ಬಂದವರಿಗೆಲ್ಲ ಹೇಳುತ್ತಿದ್ದರು. ಜಿರ್ಕಾನ್ ಹುಟ್ಟುವಾಗ ಯುರೇನಿಯಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೊರಗಿಡುತ್ತದೆ. ಯುರೇನಿಯಂ ತನ್ನದೇ ಲೆಕ್ಕದಲ್ಲಿ, ಯಾರ ಅವಸರಕ್ಕೂ ಬಗ್ಗದೆ, ಸೀಸವಾಗುತ್ತಾ ಹೋಗುತ್ತದೆ. ಹಾಗಾಗಿ ಒಳಗೆ ಎಷ್ಟು ಸೀಸ ಇದೆಯೋ ಅಷ್ಟು ವಯಸ್ಸು. ಯುರೇನಿಯಂ ಎರಡು ಜಾತಿಯದು, ಎರಡು ಐಸೋಟೋಪು. ಒಂದು ಬೇಗ ಕರಗುತ್ತದೆ, ಇನ್ನೊಂದು ನಿಧಾನ. ಎರಡೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ವಯಸ್ಸು ಹೇಳಿದರೆ, ಪರಸ್ಪರ ಪರಿಚಯವಿಲ್ಲದ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದ ಹಾಗೆ. ನಲವತ್ತೊಂದನೆಯ ಬಿಲ್ಲೆಯಲ್ಲಿ ಸಾಕ್ಷಿಗಳು ಒಂದು ಕೂದಲಷ್ಟೂ ತಪ್ಪಿರಲಿಲ್ಲ. ಗುಲಾಬಿ ಪಟ್ಟೆಗೆ ಮುನ್ನೂರು ಕೋಟಿ ವರ್ಷ ಎಂದು ಬಂತು, ಬೂದು ಬಂಡೆಗೆ ಇನ್ನೂರೈವತ್ತು ಕೋಟಿ. ಸಾಕ್ಷಿಗಳು ಹೇಳಿದ್ದು ಸರಿ. ಯಾರ ಮನೆಯ ಸಾಕ್ಷಿ ಎಂದು ಚೀಟಿ ಅಂಟಿಸಿದವಳು ತಪ್ಪಿದ್ದಳು. ಅಣ್ಣ ಅಂದು ಧೂಳಿನ ಬೂಟಿನಲ್ಲೇ ಈ ಕೋಣೆಗೆ, ದೊಡ್ಡವರ ಮುಂದಕ್ಕೆ ನುಗ್ಗಿದ್ದ. ಆಗಲ್ಲ ಸರ್. ಪಟ್ಟೆ ಬಂಡೆಯನ್ನ ಸೀಳಿಕೊಂಡು ಹೋಗಿದೆ, ನಾನು ಕೈಯಿಂದ ಮುಟ್ಟಿ ನೋಡಿದೀನಿ. ಬಂಡೆ ಇಲ್ಲದೆ ಸೀಳೋದು ಏನನ್ನ? ಪಟ್ಟೆ ವಯಸ್ಸಲ್ಲಿ ಚಿಕ್ಕದೇ ಇರಬೇಕು. ದೊಡ್ಡವರು ಹತ್ತು ಜನರ ಮುಂದೆ ಹೇಳಿದ್ದರು: "ಬೆಟ್ಟ ಹತ್ತಿ ಹತ್ತಿ ನಿನಗೆ ಬುದ್ಧಿ ಕಾಲಲ್ಲಿ ಬಂದಿದೆ ಕಣಯ್ಯ. ತಲೆ ತನಕ ಏರೋಕೆ ಇನ್ನೂ ಸ್ವಲ್ಪ ಕಾಲ ಬೇಕು." ಎಲ್ಲರೂ ನಕ್ಕಿದ್ದರು. ಸೂಜಿ ಹಿಡಿದು ಈ ಮೇಜಿನ ಮುಂದೆ ಕೂತಿದ್ದ ಅವಳೂ, ಎಲ್ಲರೂ ನಕ್ಕರಲ್ಲ ಎಂದು, ತುಟಿಯನ್ನು ಸ್ವಲ್ಪ ಅಗಲ ಮಾಡಿದ್ದಳು. ಅಣ್ಣ ನೋಡಿದ್ದ.

ಎರಡು ವರ್ಷದಲ್ಲಿ ಅಣ್ಣನನ್ನು ಬೆಟ್ಟದಿಂದ ಇಳಿಸಿ ದಾಸ್ತಾನು ಕೋಣೆಗೆ ಹಾಕಿದರು. ದೊಡ್ಡವರು ಕಲ್ಲಿನ ಆ ವಯಸ್ಸನ್ನು ಅಚ್ಚುಹಾಕಿಸಿ, ಅದರ ಮೇಲೆ ದೊಡ್ಡವರಾದರು. ಐದು ವರ್ಷದ ಹಿಂದೆ ಬೇರೆ ಯಾರೋ ಅದೇ ಬೆಟ್ಟ ಹತ್ತಿ, ಹೊಸದಾಗಿ ಕಲ್ಲು ತಂದು ನೋಡಿದರು. ಬೂದು ಬಂಡೆಯೇ ಹಿರಿಯದು, ಗುಲಾಬಿ ಪಟ್ಟೆಯೇ ಕಿರಿಯದು. ಅಣ್ಣ ಹೇಳಿದ್ದು ನಿಜವಾಯಿತು. ನಿಜವಾದ ದಿನವೇ ಅವನು ಅಪರಾಧಿಯಾದ. ದೊಡ್ಡವರು ಒಂದು ತಿದ್ದುಪಡಿ ಅಚ್ಚುಹಾಕಿಸಿದರು. ಅದರಲ್ಲಿ ಒಂದು ಸಾಲು: ಮಾದರಿ ಸಂಗ್ರಹಿಸುವಾಗ ಚೀಲಗಳು ಅದಲುಬದಲಾಗಿರುವ ಸಾಧ್ಯತೆ ಇದೆ. ಹೆಸರಿರಲಿಲ್ಲ. ಆ ಚೀಲ ಹೊತ್ತವನು ಒಬ್ಬನೇ ಎಂದು ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಅಣ್ಣ ಅವಳ ಹತ್ತಿರ ಬಂದು, ಚೀಲದ ಬಾಯಿ ಕಟ್ಟೋ ಮೊದಲೇ ಒಳಗೊಂದು ಚೀಟಿ, ಹೊರಗೊಂದು ಚೀಟಿ ಹಾಕ್ತೀನಿ, ನಿನಗೇ ಗೊತ್ತಲ್ಲ, ಎಂದಾಗ ಅವಳು ಏನು ಹೇಳಿದ್ದಳು? ತಲೆಯೆತ್ತದೆ, ಸೂಜಿಯ ತುದಿಯಲ್ಲಿ ಹರಳು ಇದ್ದುದರಿಂದ ಉಸಿರು ಹಿಡಿದುಕೊಂಡೇ, "ಅಣ್ಣಾ, ಮನುಷ್ಯ ಅಂದಮೇಲೆ ಕೈತಪ್ಪೋದು ಇದ್ದದ್ದೇ. ಒಪ್ಪಿಕೊಂಡುಬಿಡು, ಹಗುರ ಆಗುತ್ತೆ" ಎಂದಿದ್ದಳು. ಮೂರು ತಿಂಗಳ ಹಿಂದೆ ಆಸ್ಪತ್ರೆಯಲ್ಲಿ, ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದ ಅಣ್ಣ, ಕೇಳದೆಯೇ, ಗೋಡೆಯ ಕಡೆ ನೋಡುತ್ತಾ ಹೇಳಿದ: ನಾನೇ ಇರಬೇಕು ಕಣೇ. ಅವತ್ತು ಮಂಜು ಇತ್ತು. ಚೀಲ ನಾನೇ ಬದಲಾಯಿಸಿರಬೇಕು. ಅವಳಿಗೆ ಆಗ ಸಮಾಧಾನವಾಗಿತ್ತು. ಕೊನೆಗೂ ಶಾಂತಿ ಸಿಕ್ಕಿತು ಅಣ್ಣನಿಗೆ ಎಂದು ದೇವರಿಗೆ ಕೈಮುಗಿದಿದ್ದಳು. ಅದನ್ನು ನೆನೆದು ಈಗ ಅವಳು ಬಿಲ್ಲೆಯ ಮೇಲಿನಿಂದ ಕೈ ತೆಗೆದಳು. ನೀನು ನೋಡುತ್ತಿರು ಎಂದಿದ್ದೆನಲ್ಲ ಸ್ವಾಮೀ. ನೋಡಿದೆಯಾ? ಅಥವಾ ಬಿಲ್ಲೆಯನ್ನು ಎರಡೂ ಕಡೆಯಿಂದ ಒಟ್ಟಿಗೆ ನೋಡುವವನಿಗೆ ಎಡ ಯಾವುದು, ಬಲ ಯಾವುದು ಎಂದು ತಿಳಿಯುವುದೇ ಇಲ್ಲವಾ?

ದಾಖಲೆ ಪುಸ್ತಕದಲ್ಲಿ ತಪ್ಪನ್ನು ತಿದ್ದುವುದಕ್ಕೆ ಕ್ರಮವಿದೆ. ಅಳಿಸಬಾರದು. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆಯಬೇಕು, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು, ತಿದ್ದಿದವರು ಸಹಿ ಮಾಡಬೇಕು. ಅದರ ಪಕ್ಕದಲ್ಲಿ ಸಹಿಗೆ ಇನ್ನೊಂದು ಚೌಕದ ಮನೆ: ನೋಡಿದವರು. ಎರಡು ಸಹಿ ಇಲ್ಲದ ತಿದ್ದುಪಡಿ ತಿದ್ದುಪಡಿಯಲ್ಲ, ಗೀಚು. ಅವಳು ಗೆರೆ ಎಳೆದಳು. ಗುಲಾಬಿ ಎಂಬಲ್ಲಿ ಬೂದು, ಬೂದು ಎಂಬಲ್ಲಿ ಗುಲಾಬಿ ಎಂದು ಬರೆದಳು, ಸಹಿ ಮಾಡಿದಳು, ಪುಸ್ತಕವನ್ನು ಎದೆಗವಚಿಕೊಂಡು ದೊಡ್ಡವರ ಕೋಣೆಗೆ ಹೋದಳು.

ಹೊರಗಿನ ಬೆಂಚಿನಲ್ಲಿ ಮುಕ್ಕಾಲು ಗಂಟೆ ಕೂರಬೇಕಾಯಿತು. ಒಳಗೆ ಕರೆದಾಗ ದೊಡ್ಡವರು ಕೋಟಿನ ತೋಳಿಗೆ ಕೈ ತೂರಿಸುತ್ತಿದ್ದರು. ಅವಳು ಹೇಳಿದಳು. ಎರಡು ಸಲ ಹೇಳಬೇಕಾಯಿತು, ಏಕೆಂದರೆ ಮೊದಲ ಸಲ ಅವರು ಇನ್ನೊಂದು ತೋಳನ್ನು ಹುಡುಕುತ್ತಿದ್ದರು.

"ಆಯ್ತಮ್ಮಾ. ಈಗ ಏನಾಗಬೇಕು?"

"ಇಲ್ಲಿ ಸಹಿ ಮಾಡಿ ಸರ್. ಆಮೇಲೆ ಆ ಸಾಲು. ಚೀಲ ಅದಲುಬದಲು ಅಂತ ಅಚ್ಚಾಗಿದೆಯಲ್ಲ, ಅದು."

"ಸಾಧ್ಯತೆ ಅಂತ ಬರೆದಿದೀನಿ. ಅದಲುಬದಲು ಅಂತ ನಾನು ಎಲ್ಲಿ ಹೇಳಿದೆ?"

"ಸಾಧ್ಯತೆ ಇರಲಿಲ್ಲ ಸರ್. ತಪ್ಪು ನಂದು."

ಅವರು ಪುಸ್ತಕವನ್ನು ನೋಡಲಿಲ್ಲ, ಅವಳನ್ನು ನೋಡಿದರು. ಕರುಣೆಯಿಂದಲೇ ನೋಡಿದರು, ಅದು ಇನ್ನೂ ಕಷ್ಟವಾಯಿತು. "ನೋಡಮ್ಮಾ, ನಿಮ್ಮಣ್ಣ ಹೋಗಿ ಇನ್ನೂ ಮೂರು ತಿಂಗಳಾಗಿಲ್ಲ. ದುಃಖದಲ್ಲಿ ಮನಸ್ಸು ಏನೇನೋ ಹುಡುಕುತ್ತೆ. ವಯಸ್ಸು ಸರಿಹೋಗಿದೆ, ಬೆಟ್ಟ ಸರಿಹೋಗಿದೆ. ತಿದ್ದುಪಡಿಗೆ ಇನ್ನೊಂದು ತಿದ್ದುಪಡಿ ಹಾಕಿದ್ರೆ ಜನ ನಗ್ತಾರೆ. ಈಗ ನೀವು ಮೇಜಿಗೆ ಹೋಗಿ. ಅತಿಥಿಗಳು ಬಂದಿದಾರೆ, ನಿಮ್ಮ ಕೆಲಸ ತೋರಿಸಬೇಕು."

ಅತಿಥಿಗಳು ಆರು ಜನ. ಅವಳ ಸುತ್ತ ಅರ್ಧಚಂದ್ರದಂತೆ ನಿಂತರು. ಅವಳು ಗಾಜಿನ ತಟ್ಟೆಯಿಂದ ಒಂದು ಹರಳನ್ನು ಎತ್ತಿ ಇನ್ನೊಂದೆಡೆ ಇಟ್ಟಳು. ಯಾರೋ, ಅಬ್ಬಾ, ನನಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ, ಅಂದರು. ದೊಡ್ಡವರು ಅವಳ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, "ಇವರು ನಮ್ಮ ಸೂಜಿಯಕ್ಕ. ಇಪ್ಪತ್ತೆರಡು ವರ್ಷ. ಸಾವಿರಕ್ಕೂ ಮೇಲೆ ಬಿಲ್ಲೆ. ಒಂದೂ ತಪ್ಪಿಲ್ಲ" ಎಂದರು. ಅರ್ಧ ಗಂಟೆಯ ಹಿಂದೆ ಕೇಳಿದ್ದನ್ನು ಅವರು ಮರೆತಿದ್ದರೋ, ಹೀಗೆ ಹೇಳಿಯೇ ಅದನ್ನು ಇಲ್ಲವಾಗಿಸುತ್ತಿದ್ದರೋ ಅವಳಿಗೆ ತಿಳಿಯಲಿಲ್ಲ. ಸೂಜಿಯನ್ನು ಕೆಳಗಿಟ್ಟು, "ಒಂದು ತಪ್ಪಿದೆ ಸರ್" ಎಂದಳು. ಧ್ವನಿ ತಾನಂದುಕೊಂಡದ್ದಕ್ಕಿಂತ ಸಣ್ಣದಾಗಿ ಬಂತು. ಅತಿಥಿಗಳಲ್ಲಿ ಹಿರಿಯರೊಬ್ಬರು ನಕ್ಕರು. "ನೋಡಿದ್ರಾ ವಿನಯ? ಸಾವಿರದಲ್ಲಿ ಒಂದೇ ತಪ್ಪು ಅಂತೆ. ನಮ್ಮ ಕಚೇರೀಲಿ ದಿನಕ್ಕೆ ಸಾವಿರ." ಎಲ್ಲರೂ ನಕ್ಕರು. ಇಪ್ಪತ್ತೆರಡು ವರ್ಷದ ಹಿಂದಿನ ಅದೇ ನಗು, ಅದೇ ಕೋಣೆ. ಆ ದಿನದ ಹಾಗೇ ಈಗಲೂ ತನ್ನ ತುಟಿ ಅಗಲವಾಗುತ್ತಿರುವುದು ಅವಳಿಗೆ ಗೊತ್ತಾಯಿತು, ಮತ್ತು ಅದನ್ನು ತಡೆಯಲು ಬರಲಿಲ್ಲ. ಅವರು ಹೋದ ಮೇಲೆ ಹುಡುಗಿ ಓಡಿಬಂದು ಬಿಲ್ಲೆ ಕಿತ್ತುಕೊಂಡಳು. "ಹನ್ನೆರಡೂವರೆ ಆಯ್ತು ಅಕ್ಕಾ. ಅರ್ಧ ಸರದಿ ಹೋಯ್ತು ನಂದು." ಅವಳು ಆ ಹುಡುಗಿಗೂ ಹೇಳಿದಳು: ನಕ್ಷೆ ತಿರುವುಮುರುವಾಗಿದೆ ಕಣೇ, ಇಲ್ಲಿ ನೋಡಿ ಸಹಿ ಮಾಡು. ಹುಡುಗಿ ಪುಸ್ತಕದ ಕಡೆ ಒಮ್ಮೆ, ದೊಡ್ಡವರ ಕೋಣೆಯ ಕಡೆ ಒಮ್ಮೆ ನೋಡಿದಳು. "ನನ್ನ ಪ್ರಬಂಧ ಇನ್ನೂ ಅವರ ಮೇಜಿನ ಮೇಲಿದೆ ಅಕ್ಕಾ. ನನ್ನ ಸಿಕ್ಕಿಸಬೇಡಿ" ಎಂದಳು. ಸುಳ್ಳಾಡದ ಹುಡುಗಿ.

ಸಂಜೆ ಅತ್ತಿಗೆಯ ಮನೆಯ ಮೆಟ್ಟಿಲು ಹತ್ತುವಾಗ ಹೊಲಿಗೆಯಂತ್ರದ ಸದ್ದು ಕೇಳುತ್ತಿತ್ತು. ಬೀದಿಯುದ್ದಕ್ಕೂ ಅವಳು ಮಾತು ಜೋಡಿಸುತ್ತಾ ಬಂದಿದ್ದಳು. ಸದ್ದು ಕೇಳಿದ್ದೇ ಎಲ್ಲ ಉದುರಿಹೋಯಿತು. ಮುಂದಿನ ಕೋಣೆಯಲ್ಲಿ ಕತ್ತರಿಸಿದ ಬಟ್ಟೆಯ ರಾಶಿ, ಗೋಡೆಗೆ ಅಣ್ಣನ ಫೋಟೋ, ಅದರ ಕೆಳಗೆ ಅವನ ಬೆಟ್ಟದ ಸುತ್ತಿಗೆ. ಅತ್ತಿಗೆ ತಲೆಯೆತ್ತದೆ, "ಬಾ. ಕೂತ್ಕೋ. ಆ ತೋಳುಗಳ ಮೇಲೆ ಕೂರಬೇಡ" ಎಂದರು.

ಅವಳು ನಿಂತೇ ಹೇಳಿದಳು. ಯಂತ್ರ ನಿಂತಿತು.

"ಏನು ಹೇಳ್ತಾ ಇದೀಯ ನೀನು? ನಿಧಾನ ಹೇಳು. ಯಾವುದು ತಿರುಗಿತು?"

ಬಾಯಲ್ಲಿ ಹೇಳಲು ಆಗಲಿಲ್ಲ. ರಾಳ, ಟೇಪು, ಮುಖ, ಅಡಿ ಎಂದು ತೊದಲಿದಳು. ಕೊನೆಗೆ ಮೇಜಿನ ಮೇಲಿದ್ದ ಗುಂಡಿಗಳ ಡಬ್ಬಿಯನ್ನು ಎಳೆದುಕೊಂಡಳು. ಪಾರದರ್ಶಕ ಟೇಪನ್ನು ಅಂಟಿನ ಕಡೆ ಮೇಲೆ ಮಾಡಿ ಹಾಸಿ, ಎಡಗಡೆ ಮೂರು ಸಾಲು ಬಿಳಿ ಗುಂಡಿ, ಬಲಗಡೆ ಮೂರು ಸಾಲು ಕಪ್ಪು ಗುಂಡಿ ಇಟ್ಟಳು. ಒಂದು ಕಾಗದದ ಮೇಲೆ, ಎಡ ಬಿಳಿ, ಬಲ ಕಪ್ಪು, ಎಂದು ಬರೆದಳು. "ಇದು ನಾನು ಬರೆದದ್ದು. ಬಿಳಿ ಅಣ್ಣನ ಪಟ್ಟೆ, ಕಪ್ಪು ಬಂಡೆ." ಟೇಪನ್ನು ಎತ್ತಿ, ಮಗುಚಿ, ಕಾಗದದ ಪಕ್ಕ ಇಟ್ಟಳು. "ಇದು ಯಂತ್ರ ಕಂಡದ್ದು."

ಅತ್ತಿಗೆ ಕಾಗದ ನೋಡಿದರು, ಟೇಪು ನೋಡಿದರು. ಬಹಳ ಹೊತ್ತೇನೂ ಬೇಕಾಗಲಿಲ್ಲ.

"ಇಷ್ಟೇನಾ?"

ಅವಳು ಕಾಗದವನ್ನು ಟೇಪಿಗೆ ಇನ್ನಷ್ಟು ಹತ್ತಿರ ಸರಿಸಿದಳು.

"ಇಷ್ಟೇನಾ ಕಣೇ? ಬಟ್ಟೆಯ ಒಳಮಗ್ಗುಲು ಮೇಲೆ ಮಾಡಿಕೊಂಡು ಕತ್ತರಿಸಿದ್ರೆ ಎರಡೂ ಎಡತೋಳೇ ಆಗ್ತಾವೆ. ನನ್ನ ಹತ್ತಿರ ಕಲಿಯೋಕೆ ಬರೋರು ಮೊದಲ ವಾರದಲ್ಲಿ ಮಾಡೋ ತಪ್ಪು ಇದು. ಅಂಥಾ ಯಂತ್ರ ಇಟ್ಟುಕೊಂಡು, ಅಷ್ಟು ಜನ ಓದಿದೋರು." ಅತ್ತಿಗೆಯ ಧ್ವನಿ ಏರಲಿಲ್ಲ, ತೆಳ್ಳಗಾಯಿತು. "ಯಾರಾದ್ರೂ ಒಬ್ಬರು ನನ್ನ ಕೇಳಿದ್ದಿದ್ರೆ. ನಿಮ್ಮಣ್ಣನೂ ಕೇಳಲಿಲ್ಲ. ಕಲ್ಲಿನ ವಿಷಯ ನಿನಗೆ ಅರ್ಥ ಆಗಲ್ಲ ಬಿಡು ಅನ್ನೋರು. ನಾನೂ ಬಿಟ್ಟೆ. ಚೀಲ ತಾನೇ, ಹೋಗಲಿ, ಒಪ್ಪಿಕೊಳ್ಳಿ ಅಂತ ದಿನಾ ಹೇಳಿ ಹೇಳಿ ಅವರ ಬಾಯಲ್ಲಿ ಹೌದು ಅನ್ನಿಸಿದೆ."

"ನಾನೂ ಅದನ್ನೇ ಹೇಳಿದೆ ಅತ್ತಿಗೆ."

"ನೀನು ಹೇಳಿದ್ದು ನಿನಗೆ. ನನ್ನ ಹತ್ತಿರ ಕ್ಷಮೆ ಕೇಳಬೇಡ. ಕೊಡೋಕೆ ನನ್ನ ಹತ್ತಿರ ಇಲ್ಲ."

ಬೀದಿಯಲ್ಲಿ ಯಾರೋ ಬಾಗಿಲು ಎಳೆದುಕೊಂಡರು. ಅವಳು ಕೇಳಲೆಂದು ಬಂದಿದ್ದದ್ದು ಆ ಕ್ಷಮೆಯೊಂದನ್ನೇ. ಈಗ ಕೈ ಎಲ್ಲಿಡಬೇಕೆಂದು ತಿಳಿಯದೆ ಉದುರಿದ ಗುಂಡಿಯೊಂದನ್ನು ಡಬ್ಬಿಗೆ ಹಾಕಿದಳು. ದೊಡ್ಡವರು ಹೇಳಿದ್ದನ್ನು, ಅತಿಥಿಗಳು ನಕ್ಕದ್ದನ್ನು, ಹುಡುಗಿ ಹೆದರಿದ್ದನ್ನು ಹೇಳಿದಳು. ತಾನು ಗೆರೆ ಎಳೆದು ಸಹಿ ಮಾಡಿದ್ದನ್ನೂ, ಪಕ್ಕದ ಸಹಿಯ ಮನೆ ಖಾಲಿ ಉಳಿದದ್ದನ್ನೂ ಹೇಳಿದಳು. ಅತ್ತಿಗೆ ಟೇಪನ್ನು ಬೆರಳ ತುದಿಯಲ್ಲಿ ಹಿಡಿದು ಒಮ್ಮೆ ಹೀಗೆ, ಒಮ್ಮೆ ಹಾಗೆ ಮಗುಚುತ್ತಿದ್ದರು. ಬಿಳಿ ಆಚೆ ಹೋಗುತ್ತಿತ್ತು, ಈಚೆ ಬರುತ್ತಿತ್ತು.

"ಆ ಖಾಲಿ ಮನೇಲಿ ಏನಂತ ಬರೆದಿದೆ?"

"ನೋಡಿದವರು ಅಂತ."

"ದೊಡ್ಡವರೇ ಆಗಬೇಕು ಅಂತ ಬರೆದಿದೆಯಾ?"

ಅವಳು ಯೋಚಿಸಿದಳು. ಇಪ್ಪತ್ತೆರಡು ವರ್ಷ ಆ ಪುಸ್ತಕ ತೆರೆದಿದ್ದಳು, ಮುಚ್ಚಿದ್ದಳು. "ಇಲ್ಲ. ನೋಡಿದವರು ಅಂತ ಅಷ್ಟೇ."

ಅತ್ತಿಗೆ ಟೇಪನ್ನು ಮಡಿಸಲಿಲ್ಲ. ಗುಂಡಿಗಳು ಇದ್ದ ಹಾಗೇ, ಒಂದು ರಟ್ಟಿನ ಮೇಲೆ ಹಾಸಿ, ಅಂಚಿಗೆ ನಾಲ್ಕು ಗುಂಡುಸೂಜಿ ಚುಚ್ಚಿ, ಹೊರಗೆ ಹೋಗುವಾಗ ಹಿಡಿಯುವ ಚೀಲದೊಳಗೆ ನಿಲ್ಲಿಸಿದರು. ಅಣ್ಣನ ಫೋಟೋದ ಕಡೆ ಇಬ್ಬರೂ ನೋಡಲಿಲ್ಲ. ಅತ್ತಿಗೆ ಯಂತ್ರದ ಮುಂದೆ ಕೂತು ಅರ್ಧಕ್ಕೆ ನಿಂತಿದ್ದ ತೋಳನ್ನು ಕೈಗೆತ್ತಿಕೊಂಡರು, ಅದರ ಯಾವ ಮಗ್ಗುಲು ಮೇಲಿದೆ ಎಂದು ಬೆರಳಿನಿಂದ ಸವರಿ ನೋಡಿದರು.

"ನಾಳೆ ನಿಮ್ಮಲ್ಲಿ ಎಷ್ಟು ಗಂಟೆಗೆ ಬಾಗಿಲು ತೆಗೀತಾರೆ?" ಎಂದು ಕೇಳಿದರು.